ಡೆಮೊ ಕ್ಲಾಸಿನ ಶಾಲೆ

ನನ್ನ ಸೊಸೆಗೆ ಅಷ್ಟು ದಿನ ಕೆಲಸ ಸಿಗದೆ ಹೋದದ್ದಕ್ಕೆ ಶಿಕ್ಷಕರ ಕೊರತೆಯೇ ಕಾರಣ ಎಂದರೆ ಯಾರೂ ನಂಬುವುದಿಲ್ಲ. ಆ ಶಾಲೆಯ ಹಜಾರದಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುವ ತನಕ ನಾನೂ ನಂಬುತ್ತಿರಲಿಲ್ಲ.

ಆ ವರ್ಷ ರೇಡಿಯೋ ಹಾಕಿದರೆ ಅದೇ ಮಾತು. ಶಾಲೆಗಳಲ್ಲಿ ಪಾಠ ಹೇಳುವವರಿಲ್ಲ, ವಿಜ್ಞಾನಕ್ಕೂ ಗಣಿತಕ್ಕೂ ಹುಡುಕಿದರೂ ಜನ ಸಿಗುತ್ತಿಲ್ಲ, ಹೀಗಾದರೆ ಮಕ್ಕಳ ಗತಿಯೇನು. ನಮ್ಮ ಅಡುಗೆಮನೆಯಲ್ಲಿ ವಿಜ್ಞಾನದ ಪದವಿ ಮುಗಿಸಿ, ಅದರ ಮೇಲೆ ಶಿಕ್ಷಕರ ತರಬೇತಿಯನ್ನೂ ಮುಗಿಸಿದವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಒಂದೇ ಕೈಯಲ್ಲಿ ಪಾತ್ರೆ ತೊಳೆಯುತ್ತ ಅದನ್ನೆಲ್ಲ ಕೇಳುತ್ತಿದ್ದಳು.

"ಅತ್ತೆ, ಆ ರೇಡಿಯೋದವನಿಗೆ ನಮ್ಮ ಮನೆ ವಿಳಾಸ ಕೊಟ್ಬಿಡಿ. ಪಾಪ, ಹುಡುಕಿ ಹುಡುಕಿ ಸುಸ್ತಾಗಿದಾನೆ," ಅನ್ನುತ್ತಿದ್ದಳು.

ಮೊದಮೊದಲು ಇದು ತಮಾಷೆಯೇ ಆಗಿತ್ತು. ಆಮೇಲೆ ಅವಳು ರೇಡಿಯೋ ಬಂದ್ ಮಾಡಲು ಶುರುಮಾಡಿದಳು.

ಒಂದು ಶಾಲೆಯಲ್ಲಿ "ಅನುಭವ ಇದೆಯಾ?" ಎಂದು ಕೇಳಿದರು. "ಕೆಲಸ ಕೊಟ್ರೆ ಬರುತ್ತೆ" ಎಂದಳು. ಅವರಿಗೆ ಆ ಉತ್ತರ ಹಿಡಿಸಲಿಲ್ಲ. ಇನ್ನೊಂದರಲ್ಲಿ ಮಗು ಎಷ್ಟು ದೊಡ್ಡದು ಅಂತ ಕೇಳಿ, ಇನ್ನೂ ಹಾಲು ಕುಡಿಯುವ ಕೂಸು ಎಂದು ಗೊತ್ತಾದ ಕೂಡಲೇ ಫೈಲು ಮುಚ್ಚಿದರು. ಮೂರನೆಯ ಕಡೆ ಅರ್ಜಿ ತೆಗೆದುಕೊಂಡು, ಹುದ್ದೆ ಮಂಜೂರಾಗಲಿ ಹೇಳಿ ಕಳಿಸ್ತೀವಿ ಅಂದರು. ಆ ಹುದ್ದೆ ಇವತ್ತಿಗೂ ಮಂಜೂರಾಗಿಲ್ಲವೆಂದು ಕಾಣುತ್ತದೆ.

ಅವಳ ಆತುರಕ್ಕೆ ಕಾರಣವಿತ್ತು. ತರಬೇತಿ ಮುಗಿಸಿದವರು ಗೊತ್ತಾದ ಅವಧಿಯೊಳಗೆ ಯಾವುದಾದರೂ ಶಾಲೆಯಲ್ಲಿ ಪಾಠ ಮಾಡಿದ ಅನುಭವ ಪತ್ರ ತೋರಿಸಬೇಕು, ಇಲ್ಲದಿದ್ದರೆ ತರಬೇತಿ ರದ್ದಾದ ಹಾಗೆ, ಮತ್ತೆ ಮೊದಲಿನಿಂದ ಪರೀಕ್ಷೆಗೆ ಕೂರಬೇಕು. ಅವಳಿಗೆ ಉಳಿದಿದ್ದದ್ದು ಆ ಒಂದು ಶಾಲಾ ವರ್ಷ. ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಕೂಡಿಸುವ ನನ್ನ ಮಗ, "ಹೋಗ್ಲಿ ಬಿಡೇ, ಇನ್ನೊಂದ್ಸಲ ಬರೆದ್ರಾಯ್ತು" ಎಂದ. ಅವತ್ತು ಅವಳು ಅವನ ಜೊತೆ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ನಾನು ಅಕ್ಷರ ಕಲಿತದ್ದು ಮದುವೆಯಾಗಿ ಮಗ ಹುಟ್ಟಿದ ಮೇಲೆ, ದಿನದ ಕೆಲಸ ಮುಗಿಸಿ, ರಾತ್ರಿ ಶಾಲೆಯಲ್ಲಿ. ಇನ್ನೊಂದ್ಸಲ ಪರೀಕ್ಷೆಗೆ ಕೂರುವುದು ಅಂದರೇನು ಅಂತ ಆ ಮನೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಅಷ್ಟರಲ್ಲಿ ಈ ಶಾಲೆಯಿಂದ ಫೋನು ಬಂತು. ಡೆಮೊ ಕ್ಲಾಸ್ ತಗೊಳ್ಳಿ, ಬೆಳಕಿನ ಪಾಠ, ಎಂಟನೇ ತರಗತಿ.

ಡೆಮೊ ಎಂದರೆ ಮಾದರಿ ಪಾಠ. ಕೆಲಸ ಕೇಳಿಕೊಂಡು ಬಂದವರು ನಿಜವಾದ ತರಗತಿಯಲ್ಲಿ ನಿಜವಾದ ಮಕ್ಕಳಿಗೆ ಒಂದು ಪೀರಿಯಡ್ ಪಾಠ ಮಾಡಿ ತೋರಿಸಬೇಕು. ಹಿಂದೆ ಕುಳಿತು ಹೆಡ್‌ಮಾಸ್ತರರು ನೋಡುತ್ತಾರೆ. ಅವಳು ಮನೆಯಲ್ಲಿ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಗಾಜಿನ ಲೋಟಕ್ಕೆ ನೀರು ತುಂಬಿ ಪೆನ್ಸಿಲು ಇಳಿಬಿಟ್ಟು, "ಈಗ ಏನ್ ಕಾಣಿಸ್ತಿದೆ?" ಅಂತ ಕೇಳಿದಳು. ಪೆನ್ಸಿಲು ನೀರಿನ ಹತ್ತಿರ ಮುರಿದ ಹಾಗೆ ಕಾಣಿಸಿತು. ನಾನು ಈ ವಯಸ್ಸಿನ ತನಕ ಅದನ್ನು ಗಮನಿಸಿಯೇ ಇರಲಿಲ್ಲ. "ಅಯ್ಯೋ!" ಎಂದೆ. "ನೀವು ಹೀಗೇ ಅಂದ್ರೆ ಮಕ್ಕಳೂ ಅಂತಾರೆ, ಗೆದ್ದೆ" ಎಂದಳು.

ಗೆದ್ದಳು ಕೂಡ. ಕೂಸು ಹಸಿದರೆ ಅಮ್ಮನೇ ಬೇಕಾದ್ದರಿಂದ ನಾನೂ ಜೊತೆಗೆ ಹೋಗಿದ್ದೆ. ತರಗತಿಯ ಹೊರಗೆ ಹಜಾರದಲ್ಲಿ ಉದ್ದ ಬೆಂಚು. ಒಳಗಿನಿಂದ ಮಕ್ಕಳೆಲ್ಲ ಒಟ್ಟಿಗೆ "ಓ...!" ಅಂದದ್ದು ಕೇಳಿಸಿತು. ನನ್ನ ಎದೆ ಉಬ್ಬಿತು. ಹೊರಗೆ ಬಂದಾಗ ಅವಳ ಕೈತುಂಬ ಸೀಮೆಸುಣ್ಣದ ಪುಡಿ, ಮುಖದಲ್ಲಿ ಎಂದೂ ಕಾಣದ ಕಳೆ. ಹೆಡ್‌ಮಾಸ್ತರರು ಸಣಕಲು ಮನುಷ್ಯ, ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ ಮಾತಾಡುವ ಅಭ್ಯಾಸ. "ತುಂಬಾ ಚೆನ್ನಾಗಿತ್ತಮ್ಮ. ನೋಡೋಣ," ಅಂದರು.

ಕೆಲವು ವಾರ ಕಳೆದು ಮತ್ತೆ ಕರೆದರು. ಎರಡನೇ ಸುತ್ತಂತೆ. ಈ ಸಲ ಕನ್ನಡಿಯ ಪಾಠ ಮಾಡಿ ಎಂದರು. ಅವಳು ನಮ್ಮ ಮನೆಯ ದೊಡ್ಡ ಚಮಚೆಗಳನ್ನೆಲ್ಲ ತಿಕ್ಕಿ ಹೊಳಪು ಬರಿಸಿ ಚೀಲಕ್ಕೆ ಹಾಕಿಕೊಂಡಳು. ಒಳಬದಿಯಲ್ಲಿ ಮುಖ ತಲೆಕೆಳಗು, ಹೊರಬದಿಯಲ್ಲಿ ನೆಟ್ಟಗೆ. ಒಳಗಿನಿಂದ ಮತ್ತೆ "ಓ...!" ಹೊರಗೆ ಬಂದಾಗ ಮಾತ್ರ ಮುಖದಲ್ಲಿ ಮೊದಲಿನ ಕಳೆ ಇರಲಿಲ್ಲ. ಸುಸ್ತಾಗಿದೆ ಅಂದಳು. ಹೆಡ್‌ಮಾಸ್ತರರು "ನೋಡೋಣ" ಅಂದರು. ಅಂದು ಮಧ್ಯಾಹ್ನ ನಾವು ಚಮಚೆಯಿಲ್ಲದೆ ಊಟ ಮಾಡಿದೆವು, ಚೀಲ ಶಾಲೆಯಲ್ಲೇ ಉಳಿದಿತ್ತು.

ಮೂರನೇ ಸುತ್ತಿಗೆ ಮಸೂರದ ಪಾಠ. ಅದಕ್ಕೆ ನನ್ನ ಓದುವ ಕನ್ನಡಕವೇ ಬೇಕಾಯಿತು. ಕಿಟಕಿಯ ಎದುರು ಹಿಡಿದರೆ ಬಿಳಿ ಹಾಳೆಯ ಮೇಲೆ ಹೊರಗಿನ ಮರವೆಲ್ಲ ತಲೆಕೆಳಗಾಗಿ ಮೂಡುತ್ತದೆ. ನನ್ನ ಕಣ್ಣನ್ನು ಅವಳ ಕೈಗೆ ಕೊಟ್ಟು ನಾನು ಬೆಂಚಿನ ಮೇಲೆ ಕುಳಿತೆ. ಮಡಿಲಲ್ಲಿದ್ದ ಪುಟ್ಟಿಯ ಮುಖವೂ ಮಸುಕು.

ಪಕ್ಕದಲ್ಲಿ ಯಾರೋ ಬಂದು ಕುಳಿತರು. ಬಿಳಿ ಅಂಗಿ, ಎಳೆಯ ದನಿ, ಕೈಯಲ್ಲಿ ರಟ್ಟಿನದೇನೋ ದೊಡ್ಡ ತ್ರಿಕೋನ.

"ನೀವೂ ಡೆಮೊಗಾ ಅಜ್ಜಿ?"

"ಹೂಂನಪ್ಪ. ಪಾಸಾದ್ರೆ ಈ ಕೂಸನ್ನೂ ಒಂದನೇ ತರಗತಿಗೆ ಸೇರಿಸಿಕೊಳ್ತಾರಂತೆ."

ಅವನು ನಕ್ಕ. "ಒಳಗಿರೋದು ನಿಮ್ಮ ಮಗಳಾ?"

"ಸೊಸೆ. ಮೂರನೇ ಸುತ್ತು. ಇವತ್ತು ಗೊತ್ತಾಗುತ್ತೆ."

"ಮೂರನೇದಾ? ನಂದು ಐದನೇದು ಅಜ್ಜಿ. ಗಣಿತ. ಬೀಜಗಣಿತ ಪೂರ್ತಿ ನಾನೇ ಮುಗಿಸಿದೀನಿ. ನಡುವೆ ಒಬ್ಬಳು ಬಂದು ಎರಡು ಅಭ್ಯಾಸ ಮಾಡಿಸಿ ಹೋಗಿದ್ಳು, ಅದರಲ್ಲಿ ಒಂದು ತಪ್ಪಿತ್ತು, ಅದನ್ನೂ ಸರಿಮಾಡಿದೆ. ಇವತ್ತಿಂದ ತ್ರಿಕೋನ."

ನನಗೆ ತಕ್ಷಣ ಹೊಳೆಯಲಿಲ್ಲ. "ಅಂದ್ರೆ ನೀನು ಇಲ್ಲಿ ಕೆಲಸ ಮಾಡ್ತಿದೀಯಾ?"

"ಕೆಲಸ ಮಾಡ್ತಿದೀನಿ. ಕೆಲಸದಲ್ಲಿಲ್ಲ."

ಗಂಟೆ ಹೊಡೆಯುವ ಹೆಂಗಸು ಆಗ ನೀರಿನ ಕೊಡ ಹೊತ್ತು ಬಂದಳು. ಮಕ್ಕಳೆಲ್ಲ ಅವಳನ್ನು ಗಂಟಮ್ಮ ಎನ್ನುತ್ತಿದ್ದರು. ಕೊಡ ಇಳಿಸಿ ಸೊಂಟ ಹಿಡಿದುಕೊಂಡು ನಮ್ಮ ಮಾತಿಗೆ ಸೇರಿಕೊಂಡಳು.

"ಎಂಟನೇ ಕ್ಲಾಸಿಗೆ ವರ್ಷದ ಶುರುವಿಂದ ಮೇಷ್ಟ್ರಿಲ್ಲ ಕಣಮ್ಮ. ಬರೀ ಡೆಮೊಗಳೇ. ಮೊದಲೆಲ್ಲ ಬಂದವರು ತಮಗಿಷ್ಟ ಬಂದ ಪಾಠ ಮಾಡೋರು. ವಿಜ್ಞಾನದವರೆಲ್ಲ ಲೋಟ, ಪೆನ್ಸಿಲ್ಲು. ಲೋಟ ತೊಳೆದೂ ತೊಳೆದೂ ನನ್ನ ಕೈ ಬಿದ್ದೋಯ್ತು. ಆಮೇಲೆ ಸಾಹೇಬ್ರು ಇವರಿಗೆ ಈ ಪಾಠ, ಅವರಿಗೆ ಆ ಪಾಠ ಅಂತ ಹಂಚೋಕೆ ಶುರು ಮಾಡಿದ್ರು."

"ಮತ್ತೆ ಆ ಮಕ್ಕಳು ಅಷ್ಟು ಜೋರಾಗಿ ಓ ಅಂದ್ವಲ್ಲ, ಆ ಪೆನ್ಸಿಲ್ಲಿಗೆ?"

"ಒಳ್ಳೇ ಮಕ್ಕಳಮ್ಮ ಅವು. ಅನ್ನದಿದ್ರೆ ಬಂದವರ ಮುಖ ಬಾಡುತ್ತಲ್ಲ, ಅದಕ್ಕೇ ಎಲ್ಲರಿಗೂ ಅಂತಾವೆ."

ಅಷ್ಟರಲ್ಲಿ ಒಳಗಿನಿಂದ "ಓ...!" ಕೇಳಿಸಿತು. ನನ್ನ ಕನ್ನಡಕಕ್ಕೆ ಬಂದ ಓ.

ನನಗೆ ಬಂದ ಸಿಟ್ಟಿಗೆ ಪುಟ್ಟಿ ಬೆಚ್ಚಿ ಅತ್ತಿತು. ನಾನು ಸುಲಭಕ್ಕೆ ಸಿಟ್ಟಾಗುವವಳಲ್ಲ, ಮನೆಯಲ್ಲಿ ನನ್ನನ್ನು ಕಲ್ಲುಬಂಡೆ ಎಂದು ಆಡಿಕೊಳ್ಳುತ್ತಾರೆ. ಆದರೆ ಹುಡುಗಿ ರಾತ್ರಿಯೆಲ್ಲ ಮಗುವಿಗೆ ಹಾಲೂಡಿ ಬೆಳಿಗ್ಗೆ ಎದ್ದು ಚಮಚೆ ತಿಕ್ಕಿದ್ದನ್ನು ನೋಡಿದವಳು ನಾನು. ಅವಳು ಹೊರಗೆ ಬಂದ ಕೂಡಲೇ, ಮಗುವನ್ನು ಕೈಗೆ ಕೊಡುತ್ತಲೇ, ಕೇಳಿದ್ದನ್ನೆಲ್ಲ ಹೇಳಿಬಿಟ್ಟೆ.

ಅವಳು ನನ್ನ ಕನ್ನಡಕವನ್ನು ಒರೆಸಿ ನನ್ನ ಮೂಗಿನ ಮೇಲಿಟ್ಟಳು. "ಗೊತ್ತು ಅತ್ತೆ."

"ಗೊತ್ತಾ? ಯಾವಾಗಿಂದ?"

"ಚಮಚೆ ದಿನದಿಂದ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿದ್ಳು, 'ಮಿಸ್, ಇಲ್ಲೀ ತನಕ ಹೋದ ವಾರದ ಸರ್ ಮಾಡಿದಾರೆ, ಇಲ್ಲಿಂದ ಮಾಡಿ, ಟೈಮ್ ಉಳಿಯುತ್ತೆ' ಅಂತ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬಿಡ್ತಿದ್ರಾ? ಇದೊಂದನ್ನೂ ಬಿಟ್ಟು ಇನ್ನೆಲ್ಲಿಗೆ ಹೋಗ್ಲಿ?" ಪುಟ್ಟಿ ಅವಳ ಕೊರಳ ಸರವನ್ನು ಬಾಯಿಗೆ ಹಾಕಿಕೊಂಡಿತು. ಅದನ್ನು ಬಿಡಿಸುತ್ತ, "ಬನ್ನಿ, ಇವತ್ತು ಕೇಳೇಬಿಡ್ತೀನಿ" ಎಂದಳು.

ಹೆಡ್‌ಮಾಸ್ತರರ ಕೋಣೆ ಚಿಕ್ಕದು. ಮೇಜಿನ ಮೇಲೆ ಮುರಿದ ಗೋಳ, ಕಿಟಕಿಯಲ್ಲಿ ಒಣಗಿದ ಹೂಕುಂಡ, ಮೂಲೆಯಲ್ಲಿ ನಮ್ಮ ಚಮಚೆಗಳ ಚೀಲ. ನಾನು ಮೊದಲು ಹೋಗಿ ಚೀಲ ಎತ್ತಿಕೊಂಡೆ. ಇದ್ದದ್ದು ಎರಡು ಕುರ್ಚಿ. ಅವರು ನನ್ನನ್ನು ಕೂರಲು ಹೇಳಿದರು, ಅವಳನ್ನಲ್ಲ.

"ಸರ್, ನನ್ನನ್ನ ತಗೋತೀರೋ ಇಲ್ವೋ?"

"ನೋಡೋಣಮ್ಮ, ಮಂಡಳಿಯವರು..."

"ನೋಡಿದ್ದಾಯ್ತಲ್ಲ ಸರ್. ಮೂರು ಸಲ ನೋಡಿದೀರಿ. ಹೊರಗೆ ಕೂತಿರೋ ಗಣಿತದವರನ್ನ ಐದು ಸಲ. ನಮ್ಮ ಮುಖ ನಿಮಗೆ ಬಾಯಿಪಾಠ ಆಗಿರ್ಬೇಕು."

ಅವರು ಕನ್ನಡಕವನ್ನು ಹಣೆಯಿಂದ ಇಳಿಸಿದರು. ಏರಿಸಿದರು. ಆಮೇಲೆ ತೆಗೆದು ಮೇಜಿನ ಮೇಲೇ ಇಟ್ಟರು. ಕನ್ನಡಕವಿಲ್ಲದ ಮುಖ ಬಹಳ ದಣಿದದ್ದು.

"ನಾನೇನು ಮಾಡ್ಲಿ ಹೇಳಿ? ಮೇಷ್ಟ್ರು ಬಿಟ್ಟು ಹೋದ್ರು. ಮೇಲಿನ ಕಚೇರಿಯವರು, ಎಲ್ಲಾ ಶಾಲೆಯಲ್ಲೂ ಕೊರತೆ ಇದೆ, ಎಲ್ಲಿ ಎಷ್ಟು ಬೇಕು ಅಂತ ಎಣಿಸೋದು ಮುಗಿಯೋವರೆಗೂ ಹೊಸಬರನ್ನ ತಗೋಬೇಡಿ ಅಂದಿದಾರೆ. ಮಂಡಳಿಯವರು, ಮೇಲಿನವರು ಹೇಳಿದ ಮೇಲೆ ಅಂತಾರೆ. ಮಕ್ಕಳನ್ನ ಸುಮ್ನೆ ಕೂರಿಸಿದ್ರೆ ಬೆಂಚು ಮುರೀತಾವೆ. ಡೆಮೊಗೆ ಯಾರ ಅಪ್ಪಣೆನೂ ಬೇಡ."

"ಅಂದ್ರೆ ಮೇಷ್ಟ್ರಿಲ್ಲ ಅಂತ ಮೇಷ್ಟ್ರನ್ನ ತಗೋತಿಲ್ವಾ?" ಎಂದು ನಾನು ಕೇಳಿದೆ. ಚುಚ್ಚುವ ಉದ್ದೇಶ ಇರಲಿಲ್ಲ, ನಿಜವಾಗಿ ಅರ್ಥವಾಗಿರಲಿಲ್ಲ.

"ಹಾಗೇ ಅನ್ಕೊಳ್ಳಿ ತಾಯಿ," ಎಂದರು.

"ಸರಿ ಸರ್, ಕೆಲಸ ಬೇಡ," ಸೊಸೆ ಎಂದಳು. "ಮೂರು ಪಾಠ ಮಾಡಿದೀನಿ. ಪರೀಕ್ಷೆ ತನಕ ಬೇಕಿದ್ರೆ ಇನ್ನೂ ಮಾಡ್ತೀನಿ. ಪಾಠ ಮಾಡಿದ್ದಾಳೆ ಅಂತ ಒಂದು ಅನುಭವ ಪತ್ರ ಕೊಡಿ. ಇಲ್ಲದಿದ್ರೆ ಈ ವರ್ಷ ಮುಗಿದ ಮೇಲೆ ನನ್ನ ತರಬೇತಿನೇ ಹೋಗುತ್ತೆ."

"ಅದು ಹ್ಯಾಗಾಗುತ್ತಮ್ಮ? ಕೆಲಸಕ್ಕೆ ತಗೊಳ್ಳದವರು ಪಾಠ ಮಾಡಿದ್ರು ಅಂತ ನಾನೇ ಬರೆದುಕೊಟ್ರೆ ನನ್ನ ಕುತ್ತಿಗೆಗೆ ಬರುತ್ತೆ."

"ಹಾಗಾದ್ರೆ ಇನ್ನು ಮೇಲೆ ನಾನು ಬರಲ್ಲ."

"ನಿಮ್ಮಿಷ್ಟ," ಎಂದರು. ದನಿಯಲ್ಲಿ ಸೊಕ್ಕು ಇರಲಿಲ್ಲ, ಬೇಸರವಿತ್ತು. "ಸೋಮವಾರ ಇನ್ನಿಬ್ಬರು ಬರ್ತಾರೆ."

ಅದೇ ನನಗೆ ಹೆಚ್ಚು ಉರಿದದ್ದು. ಶಾಲೆಗೆ ಮೇಷ್ಟ್ರುಗಳ ಬರ, ಶಾಲೆಯ ಹಜಾರದಲ್ಲಿ ಮೇಷ್ಟ್ರುಗಳ ಸಂತೆ.

ಬಿಳಿ ಅಂಗಿಯ ಹುಡುಗ, ಅವನನ್ನು ನಾನು ಗಣಿತಪ್ಪ ಎಂದೇ ಕರೆಯತೊಡಗಿದ್ದೆ, ಒಳಗಿನ ಮಾತೆಲ್ಲ ಕೇಳಿಸಿಕೊಂಡು ನಮ್ಮ ಜೊತೆಗೇ ಹೊರಗೆ ಬಂದ. ತ್ರಿಕೋನದ ಪಾಠ ಅವತ್ತು ನಡೆಯಲಿಲ್ಲ. ಈ ಊರಿನಲ್ಲಿ ಕೆಲಸ ಹುಡುಕುವ ಶಿಕ್ಷಕರದೆಲ್ಲ ಫೋನಿನಲ್ಲಿ ಒಂದು ಗುಂಪು ಇದೆಯಂತೆ. ಎಲ್ಲಿ ಹುದ್ದೆ ಖಾಲಿ, ಯಾವ ಶಾಲೆಯಲ್ಲಿ ಟೀ ಕೊಡುತ್ತಾರೆ, ಎಲ್ಲಿ ನಿಲ್ಲಿಸಿಯೇ ಮಾತಾಡಿ ಕಳಿಸುತ್ತಾರೆ, ಎಲ್ಲ ಅದರಲ್ಲಿ. ಬಸ್ ಸ್ಟಾಪಿನಲ್ಲಿ ನಿಂತೇ ಇಬ್ಬರೂ ಸೇರಿ ಅದಕ್ಕೆ ಒಂದು ಸಂದೇಶ ಹಾಕಿದರು. ಈ ಶಾಲೆಗೆ ಡೆಮೊಗೆ ಯಾರೂ ಹೋಗಬೇಡಿ, ನೇಮಕದ ಆರ್ಡರ್ ಕೊಟ್ಟರೆ ಮಾತ್ರ ಹೋಗಿ, ಕೊಟ್ಟರೆ ನಮ್ಮಿಬ್ಬರಲ್ಲಿ ಯಾರಿಗಾದರೂ ಸರಿ, ನಿಮಗಾದರೂ ಸರಿ.

"ಮೇಡಂ, ನಾವಿಬ್ಬರು ಮಾತಿಗೆ ತಪ್ಪೋದು ಬೇಡ," ಎಂದ ಗಣಿತಪ್ಪ.

"ಇಲ್ಲಪ್ಪ," ಎಂದಳು.

ಸಂಜೆ ಮಗ ಬಂದು ಕೈಯ ಗ್ರೀಸು ತೊಳೆಯುತ್ತ ಎಲ್ಲ ಕೇಳಿದ. "ಅಲ್ವೇ, ಮುಷ್ಕರ ಮಾಡೋಕೆ ಮೊದಲು ಕೆಲಸ ಇರ್ಬೇಕಲ್ವಾ?" ಎಂದ. ನನಗೆ ನಗು ಬಂತು, ಅವಳನ್ನು ನೋಡಿ ನುಂಗಿಕೊಂಡೆ.

ಆಮೇಲೆ ಕಾಯುವುದು. ಕಾಯುವುದರ ಬಗ್ಗೆ ಬರೆಯಲು ಏನಿದೆ? ಫೋನು ಸದ್ದು ಮಾಡಿದರೆ ಇಬ್ಬರೂ ಓಡುತ್ತಿದ್ದೆವು, ಯಾರೋ ಸಾಲ ಬೇಕಾ ಎಂದು ಕೇಳುತ್ತಿದ್ದರು. ಗುಂಪಿನಲ್ಲಿ ಮೊದಲ ದಿನ ಎಲ್ಲರೂ ಭಲೇ ಭಲೇ ಎಂದರು. ಒಂದು ವಾರಕ್ಕೇ ಒಬ್ಬ ಕದ್ದು ಹೋಗಿ ಡೆಮೊ ಕೊಟ್ಟು ಬಂದ. ಅವನೇ ನಾಚಿಕೊಂಡು ಹೇಳಿದನಂತೆ. ಲೋಟ ತೆಗೆದು ಮೇಜಿನ ಮೇಲಿಟ್ಟ ಕೂಡಲೇ ಇಡೀ ತರಗತಿ ಒಂದೇ ದನಿಯಲ್ಲಿ, "ಸರ್, ಅದು ಬಾಗುತ್ತೆ" ಎಂದಿತಂತೆ. ಪಾಪ, ಮಕ್ಕಳಿಗೂ ದಾಕ್ಷಿಣ್ಯ ಎಷ್ಟು ದಿನ ಇರುತ್ತದೆ? ಅವನು ಪೀರಿಯಡ್ಡು ಮುಗಿಯುವ ಮೊದಲೇ ಎದ್ದು ಬಂದ. ಅವನಾದ ಮೇಲೆ ಬೇರೆ ಯಾರೂ ಹೋಗಲಿಲ್ಲ.

ಪರೀಕ್ಷೆ ಹತ್ತಿರ ಬಂತು. ಅವಳು ಮಾತು ಕಡಿಮೆ ಮಾಡಿದಳು. ತರಬೇತಿಯ ಪುಸ್ತಕಗಳನ್ನು ಒಂದು ದಿನ ಗೋಣಿಗೆ ಕಟ್ಟಿ ಮಂಚದ ಕೆಳಗೆ ತಳ್ಳಿದಳು. 

ಒಂದು ಬೆಳಿಗ್ಗೆ ಹೆಡ್‌ಮಾಸ್ತರರೇ ಫೋನು ಮಾಡಿದರು. "ಪರೀಕ್ಷೆ ಹತ್ತಿರ ಬಂತು, ಡೆಮೊಗೂ ಯಾರೂ ಬರ್ತಿಲ್ಲ ಅಂತ ಬರೆದಿದ್ದಕ್ಕೆ ಕೊನೆಗೂ ಆರ್ಡರ್ ಆಗಿದೆಯಮ್ಮ. ಈಗಲೇ ಬನ್ನಿ, ಮಂಡಳಿಯವರು ಮನಸ್ಸು ಬದಲಾಯಿಸೋದ್ರೊಳಗೆ."

ನಾವು ಬಸ್ಸಿಗೂ ಕಾಯಲಿಲ್ಲ, ಆಟೋದಲ್ಲೇ ಹೋದೆವು. ದಾರಿಯುದ್ದಕ್ಕೂ ಅವಳು ಪುಟ್ಟಿಯ ತಲೆ ಮೂಸುತ್ತ ಕುಳಿತಿದ್ದಳು. ಗೇಟಿನ ಹತ್ತಿರ ಗಂಟಮ್ಮ ನಮ್ಮನ್ನು ನೋಡಿ, "ಇವತ್ತು ಲೋಟ ತಂದಿಲ್ಲ ತಾನೇ?" ಎಂದು ನಕ್ಕಳು.

ಆರ್ಡರು ಮೇಜಿನ ಮೇಲಿತ್ತು. ತಾತ್ಕಾಲಿಕ. ವಾರ್ಷಿಕ ಪರೀಕ್ಷೆ ಮುಗಿಯುವ ತನಕ ಮಾತ್ರ. ಕೊನೆಯಲ್ಲಿ ಅನುಭವ ಪತ್ರ ಕೊಡಲಾಗುವುದು ಎಂದು ಬರೆದೇ ಇತ್ತು. ಅದನ್ನು ನಾನೂ ಓದಿದೆ, ಎರಡು ಸಲ. ಅವಳು ಪೆನ್ನು ತೆಗೆದುಕೊಂಡು ತಕ್ಷಣ ನಿಲ್ಲಿಸಿದಳು.

"ಸರ್, ಇಲ್ಲಿ ವಿಜ್ಞಾನ ಮತ್ತು ಗಣಿತ ಅಂತಿದೆ."

"ಹೌದಮ್ಮ. ಒಂದೇ ಹುದ್ದೆ ಕೊಟ್ಟಿದಾರೆ. ಎರಡೂ ನೀವೇ ನೋಡ್ಕೋಬೇಕು. ಎಂಟನೇ ಕ್ಲಾಸಿನ ಗಣಿತ ತಾನೇ, ಕಷ್ಟವಾಗಲ್ಲ."

"ಗಣಿತದವರು?"

ಹೆಡ್‌ಮಾಸ್ತರರು ಗೋಳವನ್ನು ಸರಿಯಾಗಿ ಕೂರಿಸುವ ಹಾಗೆ ಮಾಡಿದರು. ಅದು ಮತ್ತೆ ವಾಲಿತು. "ಅವರ ಹೆಸರೂ ಕಳಿಸಿದ್ದೆ. ಒಬ್ಬರೇ ಸಾಕು ಅಂದ್ರು. ಎರಡು ವಿಷಯ ಯಾರಿಗೆ ಕೊಡಬಹುದು ಅಂತ ಕೇಳಿದ್ರು, ನಿಮ್ಮ ಪದವೀಲಿ ಗಣಿತನೂ ಇದೆ, ಅವರದ್ದರಲ್ಲಿ ವಿಜ್ಞಾನ ಇಲ್ಲ. ಸಹಿ ಹಾಕಿ. ಇಲ್ಲದಿದ್ರೆ ಇದೂ ಹೋಗುತ್ತೆ."

ಅವಳು ಪೆನ್ನು ಕೆಳಗಿಟ್ಟಳು. ಫೋನು ತೆಗೆದು ಅಲ್ಲಿಯೇ, ನಮ್ಮೆದುರಿಗೇ ಗಣಿತಪ್ಪನಿಗೆ ಮಾಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸುತ್ತಿ ಬಳಸಲಿಲ್ಲ. ಅವನ ದನಿ ನನಗೂ ಕೇಳಿಸುತ್ತಿತ್ತು.

"ಹಲೋ? ಇದೀಯಪ್ಪಾ?"

"ಇದೀನಿ ಮೇಡಂ. ಅನುಭವ ಪತ್ರ ಕೊಡ್ತಾರಾ?"

"ಕೊಡ್ತಾರಂತೆ."

"ಹಾಗಾದ್ರೆ ತಗೊಳ್ಳಿ."

"ನೀನು ಬೇಡ ಅಂದ್ರೆ ಎದ್ದು ಬರ್ತೀನಿ. ನಿನ್ನ ಗಣಿತನೂ ನನಗೇ ಅಂತ ನಾವು ಮಾತಾಡಿಕೊಂಡಿರಲಿಲ್ಲ."

"ಎದ್ದು ಬಂದ್ರೆ ನನಗೇನು ಸಿಗುತ್ತೆ ಮೇಡಂ? ಇಬ್ಬರೂ ಬಸ್ ಸ್ಟಾಪಲ್ಲಿ ನಿಂತ್ಕೋಬೇಕು ಅಷ್ಟೇ. ನಾನು ಬೇಡ ಅನ್ನಲ್ಲ. ಸಂತೋಷ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡಿ." ಆಮೇಲೆ, "ಆ ತರಗತೀಲಿ ಕಿಟಕಿ ಸಾಲಿನ ಮಕ್ಕಳಿಗೆ ಋಣ ಸಂಖ್ಯೆ ಕಳೆಯೋದು ಇನ್ನೂ ಬಂದಿಲ್ಲ. ಬಂದಿದೆ ಅಂತಾರೆ, ನಂಬಬೇಡಿ. ಬೋರ್ಡಿಗೆ ಕರೆದು ಮಾಡಿಸಿ" ಎಂದ. ಫೋನು ಇಟ್ಟುಬಿಟ್ಟ.

ಅವಳು ಸಹಿ ಹಾಕಿದಳು. ಹಾಳೆ ಹರಿಯುವಷ್ಟು ಒತ್ತಿ ಹಾಕಿದಳು. ಹೆಡ್‌ಮಾಸ್ತರರು ಎದ್ದು ನಿಂತು ಅಭಿನಂದನೆ ಎಂದರು, ಅವಳು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಪುಟ್ಟಿಯನ್ನು ನನ್ನ ಕೈಗೆ ಕೊಟ್ಟಳು.

"ಮೊದಲ ಪೀರಿಯಡ್ ಯಾವುದು ಸರ್?"

"ಗಣಿತ."

ಸೀಮೆಸುಣ್ಣದ ಡಬ್ಬಿಯಿಂದ ಎರಡು ತುಂಡು ತೆಗೆದುಕೊಂಡು ಹೊರಟಳು. ಹಜಾರದ ಬೆಂಚಿನ ಮೇಲೆ ಅವತ್ತು ಯಾರೂ ಇರಲಿಲ್ಲ. ನಾನು ಕೂರಲೂ ಇಲ್ಲ. ಒಳಗೆ ಹೋದವಳು ನಮಸ್ಕಾರವನ್ನೂ ಪೂರ್ತಿ ಹೇಳಿಸಿಕೊಳ್ಳದೆ, "ಕಿಟಕಿ ಸಾಲಿನವರು ಒಬ್ಬೊಬ್ಬರಾಗಿ ಬೋರ್ಡಿಗೆ ಬನ್ನಿ" ಎಂದದ್ದು ಕೇಳಿಸಿತು. ಬೆಂಚುಗಳು ಕಿರುಗುಟ್ಟಿದವು. ಯಾರೂ ಬೇಗ ಎದ್ದ ಹಾಗೆ ಕಾಣಲಿಲ್ಲ.